ಬೀಸುವ ಪದದ ದಶಾಂಶಗಳು

2023ರಲ್ಲಿ ನಾನು ಹೊಸಪೇಟೆಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹಳೆಯ ಕ್ಯಾಸೆಟ್ಟುಗಳನ್ನು ಡಿಜಿಟಲ್ ಫೈಲುಗಳಾಗಿ ಬದಲಿಸಿ ಕೊಡುವ ಕೆಲಸ ಮಾಡುತ್ತಿದ್ದೆ. ಅದಕ್ಕೂ ಮೊದಲು ಸಂಡೂರು ಗುಡ್ಡದ ಒಂದು ಅದಿರು ಗಣಿಯಲ್ಲಿ, ಇನ್‌ಸ್ಟ್ರುಮೆಂಟೇಶನ್ ವಿಭಾಗದಲ್ಲಿ ಟೆಕ್ನಿಷಿಯನ್ ಆಗಿ ನಿವೃತ್ತಳಾಗಿದ್ದೆ. ಹೆಸರು ಉದ್ದವಾಗಿದ್ದರೂ ಕೆಲಸ ಸರಳ. ಕನ್ವೇಯರ್ ಬೆಲ್ಟಿನ ಮೇಲೆ ಅದಿರು ಓಡುತ್ತಿರುವಾಗಲೇ ಅದರ ತೂಕ ಹೇಳುವ ಬೆಲ್ಟ್ ಸ್ಕೇಲ್ ಎಂಬ ಸಾಧನ ಇರುತ್ತದೆ. ಅದು ಸುಳ್ಳು ಹೇಳದಂತೆ ಕಾಯುವುದು ನನ್ನ ಪಾಲಿಗೆ ಬಂದಿತ್ತು. ತಲೆಗೂದಲಿನಿಂದ ಕೆಂಪು ಧೂಳು ಪೂರ್ತಿ ಹೋಗುವುದಕ್ಕೆ ನಿವೃತ್ತಿಯಾಗಿ ಒಂದು ವರ್ಷವೇ ಬೇಕಾಯಿತು.

ಕ್ಯಾಸೆಟ್ಟಿನ ಕೆಲಸ ಹುಡುಕಿಕೊಂಡು ಹೋದದ್ದಲ್ಲ, ತಾನಾಗಿ ಬಂದದ್ದು. ಪಾಪಿನಾಯಕನಹಳ್ಳಿಯ ನಮ್ಮ ಸಂಬಂಧಿಕರೊಬ್ಬರು ತಮ್ಮೂರಿನ ನಾಟಕದ ಕ್ಯಾಸೆಟ್ ತಂದು, ಮೊಬೈಲಿಗೆ ಹಾಕಿಕೊಡು ಎಂದರು. ಹಾಕಿಕೊಟ್ಟೆ. ಆಮೇಲೆ ಮದುವೆ ಮನೆಯ ಕ್ಯಾಸೆಟ್ಟು, ಭಜನೆ ಕ್ಯಾಸೆಟ್ಟು, ತೊದಲುವ ಮಗುವಿನ ಕ್ಯಾಸೆಟ್ಟು ಒಂದರ ಹಿಂದೊಂದು ಬಂದವು. ಆ ಮಗು ಈಗ ಲಾರಿ ಮಾಲೀಕ, ಕ್ಯಾಸೆಟ್ ತಂದವನೂ ಅವನೇ. ತನ್ನ ತೊದಲು ಕೇಳಿ ಮುಖ ಕೆಂಪಗೆ ಮಾಡಿಕೊಂಡು ಹೋದ.

ಈ ಕೆಲಸಕ್ಕೆ ಬೇಕಾದ ವಿದ್ಯೆಯನ್ನೆಲ್ಲ ನಾನು ಕಲಿತದ್ದು ಕೆಲವು ವೆಬ್‌ಸೈಟುಗಳಿಂದ. ಅವುಗಳ ಬಗ್ಗೆ ಸ್ವಲ್ಪ ಹೇಳಿಯೇ ಮುಂದೆ ಹೋಗಬೇಕು, ಯಾಕೆಂದರೆ ಈ ಕಥೆಯಲ್ಲಿ ಅರ್ಧ ಕೆಲಸ ಮಾಡಿದ್ದು ಅವೇ. ಊಟ ಮುಗಿಸಿ ಉಳಿದ ಹೆಂಗಸರು ಧಾರಾವಾಹಿ ನೋಡುವ ಹೊತ್ತಿಗೆ ನಾನು ಅವುಗಳಲ್ಲಿ ಮುಳುಗಿರುತ್ತೇನೆ. ಒಂದು, ಹಳೆಯ ಮನೆಬಳಕೆಯ ಕಂಪ್ಯೂಟರುಗಳ ಸೈಟು. ಎಂಬತ್ತರ ದಶಕದಲ್ಲಿ ಟಿ.ವಿ.ಗೆ ಜೋಡಿಸಿ ಬಳಸುತ್ತಿದ್ದ, ಇವತ್ತಿನ ಒಂದು ಫೋಟೋ ಇಡುವಷ್ಟೂ ಜಾಗವಿಲ್ಲದ ಆ ಪುಟ್ಟ ಯಂತ್ರಗಳನ್ನು ಜಗತ್ತಿನಾದ್ಯಂತ ಕೆಲವರು ಇನ್ನೂ ಜೋಪಾನ ಮಾಡುತ್ತಿದ್ದಾರೆ. ಅಲ್ಲಿ ಒಂದು ಚರ್ಚಾಕೂಟವಿದೆ. ಸುಟ್ಟ ಒಂದು ಬಿಡಿಭಾಗಕ್ಕಾಗಿ ನಾಲ್ಕು ದೇಶದವರು ಸೇರಿ ತಲೆ ಕೆಡಿಸಿಕೊಳ್ಳುತ್ತಾರೆ. ಇನ್ನೊಂದು ಸೈಟು ಸಂಗೀತದ್ದು. ಪಿಯಾನೋಗಳಿಗೆ ಶ್ರುತಿ ಮಾಡುತ್ತಿದ್ದ ಯಾರೋ ಒಬ್ಬರು, ಸ್ವರಗಳ ನಡುವಿನ ಸಂದುಗಳ ಬಗ್ಗೆಯೇ ಪುಟಗಟ್ಟಲೆ ಬರೆದಿಟ್ಟಿದ್ದಾರೆ. ಬೂದು ಹಿನ್ನೆಲೆ, ನೀಲಿ ಅಕ್ಷರ, ಒಂದೂ ಜಾಹೀರಾತಿಲ್ಲ. ಅದರ ಕೆಳಗೆ ಒಂದು ಗೆರೆ ಇದೆ. ಮೌಸಿನಿಂದ ಅದರ ಮೇಲೆ ಸರಿಸಿದರೆ ಸ್ವರ ಹಾರ್ಮೋನಿಯಂನ ಒಂದು ಮನೆಯಿಂದ ಇನ್ನೊಂದು ಮನೆಗೆ ಜಾರುತ್ತ ಹೋಗುವುದು ಕೇಳಿಸುತ್ತದೆ. ನಾನು ಅದನ್ನು ಎಷ್ಟು ಸಲ ಜಾರಿಸಿದ್ದೇನೋ ಲೆಕ್ಕವಿಲ್ಲ. ಪಕ್ಕದ ಮನೆಯವರು ಒಮ್ಮೆ, ಬೆಕ್ಕು ಸಾಕಿದ್ದೀರಾ ಎಂದು ವಿಚಾರಿಸಿದರು.

ಗಿರಿಜಮ್ಮ ಮತ್ತು ವೀರಭದ್ರಪ್ಪ ಮಾಸ್ತರರು ಕಂಪ್ಲಿಯಿಂದ ಬಸ್ಸಿನಲ್ಲಿ ಬಂದಿಳಿದದ್ದು ಒಂದು ಬೆಳಿಗ್ಗೆ. ಆಕೆಗೆ ಎಪ್ಪತ್ತು ದಾಟಿತ್ತು, ಅವರಿಗೆ ಇನ್ನೂ ಹೆಚ್ಚು. ಮಾಸ್ತರರು ಸಂಡೂರು ಕಡೆಯ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ಎರಡೂ ಕಿವಿಗೆ ಹಿಯರಿಂಗ್ ಏಡ್ ಇತ್ತು. ಗಂಡ ಹೆಂಡತಿ ಒಂದೇ ಬಸ್ಸಿನಲ್ಲಿ ಬಂದಿದ್ದರೂ ಬೇರೆ ಬೇರೆ ಸೀಟಿನಲ್ಲಿ ಕೂತು ಬಂದಿರಬೇಕು ಎಂಬಂತೆ ಮುಖ ಮಾಡಿಕೊಂಡಿದ್ದರು. ಗಿರಿಜಮ್ಮ ಸೆರಗಿನಲ್ಲಿ ಸುತ್ತಿದ್ದ ಒಂದು ಕ್ಯಾಸೆಟ್ ತೆಗೆದು ನನ್ನ ಮೇಜಿನ ಮೇಲಿಟ್ಟರು.

"ನೋಡವ್ವಾ ತಂಗಿ, ಇದರಾಗ ನಾ ಹಾಡಿದ್ದ ಪದ ಇತ್ತು. ನಮ್ಮವ್ವನ ಬೀಸೋ ಪದ. ಇವ್ರು ಅದನ್ನ ಅಳಿಸಿ ಮ್ಯಾಲೆ ಎಂಥದೋ ಕಿರಿಕಿರಿ ತುಂಬ್ಯಾರ. ಅದರ ಕೆಳಗ ನನ್ನ ಹಾಡು ಏನಾರ ಉಳದೈತೇನು, ಹುಡುಕಿ ಕೊಡು."

"ಅಳಿಸಿಲ್ರಿ ಮೇಡಂ," ಮಾಸ್ತರರು ತಕ್ಷಣ ಬಾಯಿ ಹಾಕಿದರು. "ಹಾಡು ಅದರಾಗ ಐತಿ. ಅವತ್ತಿಂದ ಹೇಳಾಕತ್ತೀನಿ, ಕೇಳೋರು ಬೇಕಲ್ಲ."

"ನೀವು ಸುಮ್ನಿರ್ರಿ. ನಿಮ್ಮ ಮಾತು ಕೇಳೇ ಇಲ್ಲಿಗಂಟ ಬಂದೀವಿ."

ಗಿರಿಜಮ್ಮನ ತವರು ಎಮ್ಮಿಗನೂರು. ತಾಯಿ ಸಿದ್ದಮ್ಮ ನಸುಕಿನಲ್ಲಿ ಬೀಸುಕಲ್ಲಿನ ಮುಂದೆ ಕೂತು ಹಾಡುತ್ತಿದ್ದ ಪದಗಳಲ್ಲಿ ಒಂದಕ್ಕೆ ಬೇರೆ ಎಲ್ಲೂ ಇಲ್ಲದ ಧಾಟಿ ಇತ್ತಂತೆ. ತಾಯಿ ತೀರಿಕೊಂಡರು, ಅದನ್ನು ಬಲ್ಲ ಅಕ್ಕನೂ ಹೋದರು. ಹಿಟ್ಟಿನ ಗಿರಣಿ ಬಂದು ಬೀಸುವುದಂತೂ ಎಂದೋ ನಿಂತಿತ್ತು. "ಪದ ಎಲ್ಲಾ ಬಾಯಾಗ ಅದಾವ," ಎಂದರು ಗಿರಿಜಮ್ಮ. "ಧಾಟಿನ ಹೋಗೈತಿ. ಹಾಡಾಕ ಕುಂತ್ರ ಯಾವ್ದೋ ಸಿನಿಮಾ ಧಾಟಿ ಬಂದು ನಾಲಿಗಿ ಮ್ಯಾಲೆ ಕುಂದ್ರತೈತಿ. ನಾ ಸತ್ರ ಪದಾನೂ ಹೋತು."

ಕಣ್ಣಲ್ಲಿ ನೀರಿರಲಿಲ್ಲ, ದನಿಯಲ್ಲಿ ಸಿಟ್ಟಿತ್ತು. ಆ ಸಿಟ್ಟು ನನಗೆ ಹಿಡಿಸಿತು.

ಅವರು ಮೊದಲು ಹೋದದ್ದು ನನ್ನ ಹತ್ತಿರವಲ್ಲ. ಬೇರೊಂದು ಊರಿನ ಸ್ಟುಡಿಯೋದಲ್ಲಿ ಒಬ್ಬ ಇದೇ ಕ್ಯಾಸೆಟ್ಟನ್ನು 'ಕ್ಲೀನ್' ಮಾಡಿ ಪೆನ್‌ಡ್ರೈವಿಗೆ ಹಾಕಿಕೊಟ್ಟಿದ್ದ. ಕೇಳಿದೆ. ಪೂರ್ತಿ ಮೌನ, ನಡುವೆ ಯಾರೋ ಉಸಿರು ಬಿಟ್ಟಂಥ ಸಪ್ಪಳ. ಸದ್ದು ತೆಗೆಯುವ ಗುಂಡಿಯನ್ನು ಪುಣ್ಯಾತ್ಮ ಕೊನೆಯವರೆಗೆ ಒತ್ತಿದ್ದ. ಆ ಗುಂಡಿಯ ಮೇಲೆ ನನಗೆ ಮೊದಲಿಂದಲೂ ಅನುಮಾನ. ಯಾವುದು ಬೇಡದ ಸದ್ದು ಎಂದು ಅದಕ್ಕೆ ಯಾರು ಹೇಳಿಕೊಟ್ಟರು?

ಮೂಲ ಕ್ಯಾಸೆಟ್ಟನ್ನು ನನ್ನ ಡೆಕ್ಕಿಗೆ ಹಾಕಿದೆ. ಮೊದಲು ಉದ್ದಕ್ಕೆ ಪೂ ಎಂಬ ಒಂದೇ ಸ್ವರ, ಆಮೇಲೆ ಕ್ಷಣಮಾತ್ರ ಕ್ರರ್ರ್, ಮತ್ತೆ ಪೂ, ಮತ್ತೆ ನಿಲ್ಲದ ಕ್ರರ್ರ್. ಗಿರಿಜಮ್ಮ ಕಿವಿ ಮುಚ್ಚಿಕೊಂಡರು. ನನಗೆ ಮಾತ್ರ ಮೈ ಜುಂ ಎಂದಿತು. ಈ ಸದ್ದನ್ನು ನನ್ನ ಪ್ರೀತಿಯ ಸೈಟಿನಲ್ಲಿ ನೂರಾರು ಸಲ ಕೇಳಿದ್ದೆ. ಬೇರೆ ದೇಶದ ಹುಡುಗರು ಆಟದ ಪ್ರೋಗ್ರಾಮುಗಳನ್ನು ಇಟ್ಟುಕೊಳ್ಳುತ್ತಿದ್ದ ಕ್ಯಾಸೆಟ್ಟುಗಳ ಸದ್ದು ಅದು. ಕಂಪ್ಲಿಯ ಕ್ಯಾಸೆಟ್ಟಿನಲ್ಲಿ ಅದು ಸಿಗುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ.

"ಮಾಸ್ತರ್ರೇ, ನಿಮ್ಮ ಹತ್ರ ರಬ್ಬರ್ ಕೀ ಇದ್ದ ಕಂಪ್ಯೂಟರ್ ಇತ್ತಾ?" ಎಂದೆ.

ಮಾಸ್ತರರು ಎದ್ದು ನಿಂತೇ ಬಿಟ್ಟರು. "ಯವ್ವಾ! ನಿಮಗ ಹ್ಯಾಂಗ ಗೊತ್ತಾತ್ರಿ?"

ಎಂಬತ್ತರ ದಶಕದ ಕೊನೆಗೆ ಅವರು ಅಂಥದೊಂದು ಯಂತ್ರವನ್ನು ಹೈದರಾಬಾದಿನಿಂದ ತರಿಸಿದ್ದರು. ಆ ಯಂತ್ರಕ್ಕೆ ಡಿಸ್ಕ್ ಇರಲಿಲ್ಲ. ಬರೆದ ಪ್ರೋಗ್ರಾಮು ಉಳಿಯಬೇಕಾದರೆ ಅದನ್ನು ಸದ್ದಾಗಿ ಮಾಡಿ ಮಾಮೂಲಿ ಟೇಪ್ ರೆಕಾರ್ಡರಿನಲ್ಲಿ ತುಂಬಿಡಬೇಕು, ಬೇಕಾದಾಗ ಆ ಸದ್ದನ್ನೇ ಕೇಳಿಸಿ ಒಳಗೆ ತೆಗೆದುಕೊಳ್ಳಬೇಕು. ಯಂತ್ರದಲ್ಲಿ ಒಂದು ಬೀಪ್ ಆಜ್ಞೆಯೂ ಇತ್ತು. ಎಷ್ಟು ಹೊತ್ತು, ಎಷ್ಟು ಎತ್ತರದ ಸ್ವರ ಎಂದು ಎರಡು ಸಂಖ್ಯೆ ಕೊಟ್ಟರೆ ಅಷ್ಟು ನುಡಿಯುತ್ತದೆ. ಮಾಸ್ತರರು ಹೆಂಡತಿಯಿಂದ ತಾಯಿಯ ಪದ ಹಾಡಿಸಿ, ಟೇಪ್ ಮಾಡಿಕೊಂಡು, ಅದರ ಧಾಟಿಯನ್ನು ಸಂಖ್ಯೆಗಳಾಗಿ ಕಂಪ್ಯೂಟರಿಗೆ ಹಾಕಿದರು. ಕಂಪ್ಯೂಟರು ಹಾಡಿತು. ಅದನ್ನು ಉಳಿಸಿಡಲು ಮನೆಯಲ್ಲಿ ಒಳ್ಳೆಯ ಕ್ಯಾಸೆಟ್ಟು ಬೇರೆ ಇರಲಿಲ್ಲ. ಹಾಡು ಹೇಗೂ ಕಂಪ್ಯೂಟರಿಗೆ ಬಂದಾಯಿತಲ್ಲ, ಇನ್ನು ಟೇಪಿನಲ್ಲಿ ಯಾಕೆ ಎಂದು, ಅದೇ ಹಾಡಿನ ಮೇಲೆ ಪ್ರೋಗ್ರಾಮನ್ನು ತುಂಬಿಬಿಟ್ಟರು.

ಕೇಳಿ ನನಗೆ ಹಣೆ ಚಚ್ಚಿಕೊಳ್ಳುವಂತಾಯಿತು. ಕಂಪ್ಯೂಟರಿನ ಮೇಲೆ ಆಗ ತಾನೇ ಪ್ರೀತಿ ಹುಟ್ಟಿದವರು ಮಾತ್ರ ಮಾಡಬಲ್ಲ ತಪ್ಪು ಅದು.

"ಕಂಪ್ಯೂಟರ್ನಾಗ ಹಾಕ್ಯಾರಂತ," ಗಿರಿಜಮ್ಮ ಅಣಕಿಸಿದರು. "ಹಾಡೇನು ಅಕ್ಕಿ ಏನು, ಡಬ್ಬಿಗೆ ಹಾಕಿಡಾಕ? ಆ ಡಬ್ಬಿ ಒಂದು ಸಿಡ್ಲಿಗೆ ಸುಟ್ಟು ಹೋತು. ಅವತ್ತ ಹೇಳ್ದೆ, ಇನ್ನ ನಿಮ್ಮ ಮುಂದ ನಾ ಹಾಡಂಗಿಲ್ಲಂತ."

ಹಾಡಲೂ ಇಲ್ಲ. ಮಾಸ್ತರರ ಹತ್ತಿರ ತಮ್ಮ ಮಾತನ್ನು ರುಜುವಾತು ಮಾಡಲು ಯಂತ್ರವೂ ಇರಲಿಲ್ಲ. ಹೀಗೆ ಒಂದು ಕ್ಯಾಸೆಟ್ಟಿನ ಸುತ್ತ ಒಂದು ಸಂಸಾರದ ಅತಿ ಹಳೆಯ ಜಗಳ ಹೊಸದಾಗಿಯೇ ಉಳಿದಿತ್ತು. ನಾನು ಕ್ಯಾಸೆಟ್ ಇಟ್ಟುಕೊಂಡು, ಕೆಲವು ದಿನ ಬೇಕು ಎಂದೆ. ಹಾಡು ಬಂದರೆ ಗಿರಿಜಮ್ಮನಿಗೆ ತಾಯಿಯ ಧಾಟಿ ಸಿಗುತ್ತದೆ, ಬಾರದಿದ್ದರೆ ಎಲ್ಲಿಯೂ ಸಿಗುವುದಿಲ್ಲ. ಅಷ್ಟು ಹಳೆಯ ಟೇಪು ಇನ್ನೆಷ್ಟು ಸಲ ಓಡೀತು ಎಂಬುದೂ ಗೊತ್ತಿರಲಿಲ್ಲ.

ಹಳೆಯ ಯಂತ್ರ ಈಗ ಬೇಕಾಗಿಲ್ಲ. ಎಮ್ಯುಲೇಟರ್ ಎಂಬ ಪ್ರೋಗ್ರಾಮು ಇವತ್ತಿನ ಲ್ಯಾಪ್‌ಟಾಪಿನೊಳಗೆ ಆ ಯಂತ್ರದ ವೇಷ ಹಾಕುತ್ತದೆ. ಕ್ಯಾಸೆಟ್ಟಿನ ಸದ್ದನ್ನು ರೆಕಾರ್ಡ್ ಮಾಡಿ ಅದಕ್ಕೆ ಕೇಳಿಸಿದೆ. ಪರದೆಯ ಅಂಚಿನಲ್ಲಿ ಬಣ್ಣದ ಪಟ್ಟೆಗಳು ಓಡಿದವು, ನನ್ನ ಎದೆಯೂ ಓಡಿತು. ಆಮೇಲೆ ಟೇಪ್ ಓದಲಾಗಲಿಲ್ಲ ಎಂದು ಬರೆದು ನಿಂತುಬಿಟ್ಟಿತು. ಎಷ್ಟು ಸಲ ಕೇಳಿಸಿದರೂ ಅದೇ ಉತ್ತರ.

ಚರ್ಚಾಕೂಟದಲ್ಲಿ ಬರೆದು ಹಾಕಿದೆ. ಉತ್ತರಿಸಿದವರಲ್ಲಿ ಒಬ್ಬರು ಯುರೋಪಿನ ಯಾವುದೋ ಸಣ್ಣ ಊರಿನ ವೃದ್ಧರು. ಅವರ ನಿಜ ಹೆಸರು ನನಗಿನ್ನೂ ಗೊತ್ತಿಲ್ಲ, ಮನಸ್ಸಿನಲ್ಲಿ ಅವರನ್ನು ಟೇಪಜ್ಜ ಎಂದು ಕರೆದುಕೊಳ್ಳುತ್ತೇನೆ. ಸ್ಟೀರಿಯೋದ ಎರಡೂ ಚಾನೆಲ್ ಬೆರೆಸಬೇಡಿ, ಒಂದನ್ನೇ ಬಳಸಿ. ಯಾವ ಶುದ್ಧೀಕರಣವನ್ನೂ ಮಾಡಬೇಡಿ. ಡೆಕ್ಕಿನ ಹೆಡ್‌ನ ಓರೆ ಸರಿಪಡಿಸಿ ಎಂದರು. ಹೆಡ್ ಎಂದರೆ ಟೇಪನ್ನು ಓದುವ ಪುಟ್ಟ ಲೋಹದ ಭಾಗ. ರೆಕಾರ್ಡ್ ಮಾಡಿದ ಯಂತ್ರದಲ್ಲಿ ಅದು ಎಷ್ಟು ಓರೆಯಾಗಿತ್ತೋ, ಓದುವ ಯಂತ್ರದಲ್ಲೂ ಅಷ್ಟೇ ಓರೆಯಾಗಿರಬೇಕು. ಪಕ್ಕದ ಸ್ಕ್ರೂ ತಿರುಗಿಸುತ್ತ, ಸದ್ದು ಅತಿ ಚೂಪಾಗಿ ಕೇಳಿಸುವ ಜಾಗದಲ್ಲಿ ನಿಲ್ಲಿಸಬೇಕು. ಮಾಸ್ತರರ ಟೇಪ್ ರೆಕಾರ್ಡರು ಎಂಥ ಸೊಟ್ಟ ಸ್ವಭಾವದ್ದಾಗಿತ್ತೆಂದರೆ ನಾನು ಸ್ಕ್ರೂವನ್ನು ಸಾಕಷ್ಟು ದೂರ ತಿರುಗಿಸಬೇಕಾಯಿತು.

ಈ ಸಲ ಪರದೆಯ ಮೇಲೆ ಪ್ರೋಗ್ರಾಮಿನ ಹೆಸರು ಮೂಡಿತು: BISUVAPADA. ಆ ಯಂತ್ರದಲ್ಲಿ ಹೆಸರಿಗೆ ಹತ್ತೇ ಅಕ್ಷರದ ಜಾಗ. ಮಾಸ್ತರರು ಒಂದನ್ನೂ ಬಿಡದೆ ಹತ್ತನ್ನೂ ತುಂಬಿದ್ದರು. ನಾನು ಕೋಣೆಯಲ್ಲಿ ಒಬ್ಬಳೇ ಇದ್ದರೂ ಜೋರಾಗಿ ನಕ್ಕೆ. ಕಂಪ್ಲಿಗೆ ಫೋನ್ ಮಾಡಿ ಹೇಳಿದೆ. ಆ ಕಡೆ ಮಾಸ್ತರರು "ನೋಡಿದೇನ, ನೋಡಿದೇನ" ಎಂದು ಕೂಗುವುದು, ಗಿರಿಜಮ್ಮ "ಹೆಸ್ರು ಬಂದ್ರ ಹಾಡು ಬಂತೇನು?" ಎನ್ನುವುದು ಎರಡೂ ಕೇಳಿಸಿತು.

ಆಕೆ ಹೇಳಿದ್ದು ಸರಿಯಾಗಿತ್ತು. ಹೆಸರಿನ ನಂತರದ ಮುಖ್ಯ ಭಾಗದ ನಡುವೆ ಟೇಪು ಕೆಲವು ಕಡೆ ಸವೆದಿತ್ತು. ಸದ್ದಿನ ಅಲೆಗಳ ಫೈಲನ್ನೇ ಟೇಪಜ್ಜನಿಗೆ ಕಳಿಸಿದೆ. ಅವರು ಅಲೆಗಳನ್ನು ಕಣ್ಣಲ್ಲೇ ಓದಿ, ಅಳಿದ ಕಡೆ ಏನಿದ್ದಿರಬಹುದು ಎಂದು ಒಂದೊಂದಾಗಿ ತುಂಬಿದರು. ಸರಿಯಾಯಿತೋ ಇಲ್ಲವೋ ತಿಳಿಯಲು ಒಂದು ಉಪಾಯವಿದೆ. ಯಂತ್ರವು ಪ್ರೋಗ್ರಾಮಿನ ಕೊನೆಗೆ ಒಂದು ತಾಳೆ ಸಂಖ್ಯೆ ಸೇರಿಸಿರುತ್ತದೆ. ಒಳಗಿನದೆಲ್ಲ ಸರಿಯಿದ್ದರೆ ಮಾತ್ರ ಅದು ತಾಳೆಯಾಗುತ್ತದೆ. ತಾಳೆಯಾಯಿತು ಎಂದು ಅವರು ಬರೆದಾಗ ನಾನು ಮನೆಯವರಿಗೆಲ್ಲ ಶಿರಾ ಮಾಡಿ ಬಡಿಸಿದೆ, ಯಾಕೆಂದು ಯಾರಿಗೂ ಅರ್ಥವಾಗಲಿಲ್ಲ.

ದಂಪತಿಗಳನ್ನು ಹೊಸಪೇಟೆಗೆ ಕರೆಸಿದೆ. ಟೇಪಜ್ಜ ನುಡಿಸಲು ತಯಾರು ಮಾಡಿ ಕಳಿಸಿದ್ದ ಫೈಲನ್ನು ಅವರೆದುರೇ ಓಡಿಸಿದೆ. ಲ್ಯಾಪ್‌ಟಾಪು ಬೀಪ್ ಬೀಪ್ ಎಂದು ಒಂದು ಧಾಟಿಯನ್ನು ಹಾಡಿತು. ನೀಟಾಗಿತ್ತು, ಲಯಬದ್ಧವಾಗಿತ್ತು. ನಾನು ಗಿರಿಜಮ್ಮನ ಮುಖವನ್ನೇ ನೋಡುತ್ತಿದ್ದೆ. ಆಕೆ ಕೊನೆಯವರೆಗೆ ಕೇಳಿ ತಲೆ ಆಡಿಸಿದರು.

"ಇದು ನಮ್ಮವ್ವನ ಪದ ಅಲ್ಲವ್ವಾ. ಬ್ಯಾಂಡ್‌ಸೆಟ್ಟಿನೋರು ಬಾರಿಸಿದಂಗ ಐತಿ."

"ಅದ ಐತ್ಯಲ್ಲಲೇ, ಸರಿಯಾಗಿ ಕೇಳು," ಎಂದರು ಮಾಸ್ತರರು.

"ಕೇಳಿದೆ. ಅಲ್ಲ."

ಇನ್ನೊಮ್ಮೆ ನುಡಿಸಿದೆ. ಮಾಸ್ತರರು ಹಿಯರಿಂಗ್ ಏಡ್ ತಿರುವಿಕೊಂಡು ಲ್ಯಾಪ್‌ಟಾಪಿಗೆ ಕಿವಿ ಹಚ್ಚಿ ಕೂತರು. ಮುಖದ ಮೇಲಿನ ಗೆಲುವು ಸ್ವಲ್ಪ ಸ್ವಲ್ಪವೇ ಇಳಿಯಿತು. "ನಾನ ತಪ್ಪು ಹಾಕಿರಬೇಕ್ರಿ ಮೇಡಂ," ಎಂದರು ಕೊನೆಗೆ. "ನನಗೇನು ಸಂಗೀತ ಬರತಿತ್ತಾ? ಇದ್ದ ಹಾಡು ಅಳಿಸಿ ಇಂಥದ್ದು ಇಟ್ಟೆ."

ಅಷ್ಟು ವರ್ಷದ ಜಗಳ ಗೆದ್ದಿದ್ದ ಗಿರಿಜಮ್ಮ ಹೋಗುವಾಗ ಮೆಟ್ಟಿಲಿಳಿಯಲು ಗಂಡನ ತೋಳು ಹಿಡಿದುಕೊಂಡರು. ಅವರು ಹೋದ ಮೇಲೆ ನನಗೆ ಊಟ ಸೇರಲಿಲ್ಲ. ಜಗಳ ಆಡುತ್ತಿದ್ದಾಗಲೇ ಅವರಿಬ್ಬರೂ ಚೆನ್ನಾಗಿದ್ದರು ಎನಿಸಿತು.

ಆದರೂ ಒಂದು ವಿಷಯ ನನ್ನನ್ನು ಕೊರೆಯುತ್ತಿತ್ತು. ಪ್ರತಿ ಸ್ವರವೂ ಹಾರ್ಮೋನಿಯಂನ ಮನೆಗಳ ಮೇಲೆ ಬೆರಳಿಟ್ಟ ಹಾಗೆ ಸರಿಯಾಗಿ ಕೂತಿತ್ತು. ಸಂಗೀತ ಬಾರದ ಗಣಿತದ ಮಾಸ್ತರರು ಕಿವಿಯಿಂದ ಕೇಳಿ ಹಾಕಿದ ಸಂಖ್ಯೆಗಳಲ್ಲಿ ಅಲ್ಲೊಂದು ಇಲ್ಲೊಂದು ಎಡವಟ್ಟು ಇರಬೇಡವೇ? ಗಣಿಯಲ್ಲಿ ಯಾವುದಾದರೂ ಬೆಲ್ಟ್ ಸ್ಕೇಲ್ ತುಂಬ ನೀಟಾದ ಅಂಕಿ ತೋರಿಸಿದರೆ ನಾವು ಮೊದಲು ಅನುಮಾನಿಸುತ್ತಿದ್ದುದು ಅದನ್ನೇ. ಓಡುವ ಅದಿರಿನ ತೂಕ ಯಾವತ್ತೂ ಅಷ್ಟು ನೀಟಾಗಿರುವುದಿಲ್ಲ. ಟೇಪಜ್ಜನಿಗೆ ಬರೆದೆ: ನೀವು ಏನನ್ನಾದರೂ ತಿದ್ದಿದಿರಾ?

ಅವರ ಉತ್ತರ ಸರಳವಾಗಿತ್ತು: ಹೌದು, ಸ್ವರದ ಸಂಖ್ಯೆಗಳಲ್ಲಿ ವಿಚಿತ್ರ ದಶಾಂಶಗಳಿದ್ದವು. ಬರೆದವರು ಹೊಸಬರು, ಕೀಲಿ ತಪ್ಪಿ ಒತ್ತಿರಬೇಕು. ನುಡಿಸುವ ಫೈಲಿನಲ್ಲಿ ನಾನು ಎಲ್ಲವನ್ನೂ ಪೂರ್ಣಾಂಕಕ್ಕೆ ತಿದ್ದಿದೆ, ಈಗ ಕೇಳಲು ಹಿತವಾಗಿದೆ ಅಲ್ಲವೇ?

ಅವರದು ಒಳ್ಳೆಯ ಮನಸ್ಸು. ಆದರೆ ಲ್ಯಾಪ್‌ಟಾಪಿನ ಮುಂದೆ ನಾನು ಆಡಿದ ಮಾತನ್ನು ಇಲ್ಲಿ ಬರೆಯುವ ಹಾಗಿಲ್ಲ. ತಿದ್ದದ ಮೂಲವನ್ನು ತರಿಸಿಕೊಂಡೆ. ಆ ಯಂತ್ರದಲ್ಲಿ ಪೂರ್ಣಾಂಕ ಕೊಟ್ಟರೆ ಹಾರ್ಮೋನಿಯಂನ ಒಂದು ಮನೆ, ದಶಾಂಶ ಕೊಟ್ಟರೆ ಎರಡು ಮನೆಗಳ ನಡುವಿನ ಒಂದು ಜಾಗ. ಮಾಸ್ತರರ ಸಂಖ್ಯೆಗಳಲ್ಲಿ 3.4 ಇತ್ತು, 8.7 ಇತ್ತು, ಕೆಲವು ಕಡೆ 3.4ರಿಂದ 3.1ಕ್ಕೆ, ಅಲ್ಲಿಂದ 2ಕ್ಕೆ ಇಳಿಯುವ ಪುಟ್ಟ ಮೆಟ್ಟಿಲುಗಳಿದ್ದವು. ಟೇಪು ಹಾಳಾಗಿ ಹೀಗಾಗಿದೆ ಎನ್ನುವಂತಿಲ್ಲ, ತಾಳೆ ಸಂಖ್ಯೆ ಸರಿಯಿತ್ತು. ಹಾಗಾದರೆ ಕೀಲಿ ತಪ್ಪಿ ಒತ್ತಿದ್ದೇ? ಪದದ ಒಂದೊಂದು ನುಡಿಯನ್ನೂ, ಅಂದರೆ ಚರಣವನ್ನೂ, ಪಕ್ಕ ಪಕ್ಕ ಇಟ್ಟು ನೋಡಿದೆ. ಮೂರನೆಯ ಸಾಲಿನ ತಿರುವು ಬಂದಾಗಲೆಲ್ಲ ಅದೇ 3.4, ಅದೇ 3.1. ಎಡವಿದವರು ಪ್ರತಿ ಸಲ ಅದೇ ಕಲ್ಲಿಗೆ, ಅದೇ ಬೆರಳಿಗೆ ಏಟಾಗುವಂತೆ ಎಡವುವುದಿಲ್ಲ.

ಸಂಗೀತದ ಆ ಬೂದು ಸೈಟಿಗೆ ಹೋಗಿ ಗೆರೆಯ ಮೇಲೆ 3.4ರ ಜಾಗ ಹುಡುಕಿ ನಿಲ್ಲಿಸಿದೆ. ಹಾರ್ಮೋನಿಯಂನಲ್ಲಿ ಇಲ್ಲದ, ಆದರೆ ನಮ್ಮ ಕಡೆಯ ಮುದುಕಿಯರ ಕೊರಳಿನಲ್ಲಿ ನಾನೇ ಎಷ್ಟೋ ಸಲ ಕೇಳಿದ್ದ ಸ್ವರ ಅದು. ಅಲ್ಲಿಂದ ಮೌಸನ್ನು ಮೆಲ್ಲಗೆ ಕೆಳಗೆ ಜಾರಿಸಿದೆ. ಪಕ್ಕದ ಮನೆಯವರು ಈ ಸಲ ಏನೂ ಕೇಳಲಿಲ್ಲ.

ಇನ್ನೊಮ್ಮೆ ಅವರನ್ನು ಬಸ್ ಹತ್ತಿಸುವುದು ಬೇಡವೆಂದು ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ನಾನೇ ಕಂಪ್ಲಿಗೆ ಹೊರಟೆ. ಕಮಲಾಪುರದಲ್ಲಿ ಹಂಪಿ ನೋಡುವವರೆಲ್ಲ ಇಳಿದು ಬಸ್ಸು ಖಾಲಿಯಾಯಿತು. ಅಲ್ಲಿಂದ ಮುಂದೆ ಬಾಳೆ, ಕಬ್ಬು, ಗದ್ದೆ. ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ. ಇದೂ ಅಲ್ಲ ಎಂದು ಆಕೆ ಅಂದುಬಿಟ್ಟರೆ ಮಾಸ್ತರರ ಮುಖ ಹೇಗೆ ನೋಡಲಿ?

ಮಾಸ್ತರರು ಪಡಸಾಲೆಯ ಕುರ್ಚಿಯಲ್ಲಿ ಮುದುಡಿ ಕೂತಿದ್ದರು. ನಾನು ಮೊದಲು ಅವರನ್ನೇ ಕೇಳಿದೆ. "ಮಾಸ್ತರ್ರೇ, ಮೂರು ಪಾಯಿಂಟ್ ನಾಲ್ಕು ಅಂತ ಯಾಕ ಹಾಕಿದ್ರಿ?"

ಎಲ್ಲಿಂದಲೋ ನೆನಪು ಎದ್ದು ಬಂದಂತೆ ಅವರ ಬೆರಳುಗಳು ತೊಡೆಯ ಮೇಲೆ ಆಡತೊಡಗಿದವು. "ಹಾರ್ಮೋನಿಯಂ ಪೆಟ್ಟಿಗಿ ತಂದಿದ್ದೆರಿ, ನಮ್ಮ ಭಜನಿ ಮಂಡಳಿದು. ಅಕಿ ದನಿಗೆ ಮೂರು ಒತ್ತಿದ್ರ ತಗ್ಗಾಗತಿತ್ತು, ನಾಕು ಒತ್ತಿದ್ರ ಏರಾಗತಿತ್ತು. ಅಕಿ ನಡುವ ನಿಲ್ತಿದ್ಲು. ಕಂಪ್ಯೂಟರ್ನಾಗ ಮೂರೂವರಿ ಹಾಕಿದೆ, ಅದೂ ಏರಾತು. ಟೇಪ್ ಹಿಂದಕ್ಕ ತಿರುಗ್ಸೋದು, ಕೇಳೋದು, ಮತ್ತ ಹಾಕೋದು. ಒಂದೊಂದು ಸ್ವರಕ್ಕ ಎಷ್ಟು ಸಲ ಅಂತೀರಿ? ದಸರಾ ರಜಾ ಪೂರಾ ಅದಕ್ಕ ಹೋತು."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಗಿರಿಜಮ್ಮ, "ರಜಾದಾಗ ಕಂಪ್ಯೂಟರ್ ಆಟ ಆಡಾಕತ್ತಾರ ಅನ್ಕಂಡಿದ್ದೆ ನಾನು," ಎಂದರು.

ನಾನು ತಿದ್ದದ ಫೈಲನ್ನು ಓಡಿಸಿದೆ. ಯಂತ್ರದ ದನಿ ಅದೇ, ತಗಡು ಬಡಿದಂಥ ಬೀಪ್. ಆದರೆ ಈ ಸಲ ಧಾಟಿ ಸ್ವರದಿಂದ ಸ್ವರಕ್ಕೆ ಜಿಗಿಯಲಿಲ್ಲ, ವಾಲಿತು. ಮೊದಲ ಸಾಲಿಗೆ ಗಿರಿಜಮ್ಮ ಬಾಗಿಲು ಬಿಟ್ಟು ಒಳಗೆ ಬಂದರು. ಎರಡನೆಯ ಸಾಲಿಗೆ ನೆಲದ ಮೇಲೆ ಕೂತರು, ಒಂದು ಕಾಲು ಚಾಚಿ ಒಂದು ಕಾಲು ಮಡಿಸಿ. ಮೂರನೆಯ ಸಾಲಿನ ತಿರುವು ಬರುವ ಹೊತ್ತಿಗೆ ಆಕೆಯ ಬಲಗೈ ಗಾಳಿಯಲ್ಲಿ ಸುತ್ತತೊಡಗಿತ್ತು. ಎದುರಿಗೆ ಬೀಸುಕಲ್ಲು ಇರಲಿಲ್ಲ, ಕೈಗೆ ಅದು ಗೊತ್ತಿರಲಿಲ್ಲ.

"ತಡಿ," ಎಂದರು. "ಅದನ್ನ ಇನ್ನೊಂದು ಸಲ ಹಚ್ಚು."

ಹಚ್ಚಿದೆ. ಆಕೆ ತುಟಿ ಅಲ್ಲಾಡಿಸುತ್ತ ಕೇಳಿದರು. ಮತ್ತೆ ಹಚ್ಚಲು ಹೋದಾಗ ಬೇಡವೆಂದು ಕೈ ಎತ್ತಿ ತಾವೇ ಹಾಡಿದರು. ದನಿ ಒಡೆದಿತ್ತು, ಉಸಿರು ಸಾಲುತ್ತಿರಲಿಲ್ಲ. ಆದರೂ ಮೂರನೆಯ ಸಾಲಿನಲ್ಲಿ ಆ ತಿರುವು ಬಂತು, ಎರಡು ಮನೆಗಳ ನಡುವೆ ನಿಂತು, ಜಾರಿ, ಕೆಳಗಿಳಿಯಿತು. ನಾನು ಸಂಖ್ಯೆಗಳಲ್ಲಿ ಕಂಡಿದ್ದ ಜಾಗದಲ್ಲಿ ಈಗ ಒಬ್ಬ ಹೆಣ್ಣುಮಗಳ ಕೊರಳು ಇತ್ತು. ನನಗೆ ಅಳು ಬಂತು, ಮುಚ್ಚಿಕೊಳ್ಳಲಿಲ್ಲ. ಪದದ ನುಡಿಗಳೆಲ್ಲ ಆಕೆಯ ಬಾಯಲ್ಲಿದ್ದವು, ಧಾಟಿ ಈಗ ಸಿಕ್ಕಿತ್ತು. ಎಲ್ಲ ನುಡಿಗಳನ್ನೂ ಹಾಡಿ ಮುಗಿಸುವವರೆಗೆ ಕೈ ಸುತ್ತುವುದನ್ನು ನಿಲ್ಲಿಸಲಿಲ್ಲ.

ಮಾಸ್ತರರು ಎರಡೂ ಕೈಯಿಂದ ಹಿಯರಿಂಗ್ ಏಡ್ ಒತ್ತಿ ಹಿಡಿದು ಬಗ್ಗಿ ಕೂತಿದ್ದರು. ಹಾಡು ಮುಗಿದ ಮೇಲೆ ಕೇಳಿದರು. "ಈಗಾರ ಒಪ್ಪತಿಯೋ ಇಲ್ಲೋ, ನಾ ಅಳಿಸಿಲ್ಲಂತ?"

"ಅಳಿಸೀರಿ," ಎಂದರು ಗಿರಿಜಮ್ಮ. "ಅಳಿಸಿದ್ದು ಅಳಿಸಿದ್ದ. ಅದರಾಗ ಮಾತಿಲ್ಲ." ಸೆರಗಿನಿಂದ ಮುಖ ಒರೆಸಿಕೊಂಡರು. "ಆದ್ರ ಪೂರಾ ಕಿವಿಗೊಟ್ಟು ಕೇಳಿಸ್ಕೊಂಡು ಅಳಿಸೀರಿ. ನಮ್ಮವ್ವನ ಪದಾನ ಅಷ್ಟು ಕೇಳಿಸ್ಕೊಂಡೋರು ನೀವೊಬ್ರ. ನಾನೂ ಅಷ್ಟು ಕೇಳಿರಲಿಲ್ಲ."

ಅಂದು ಮಧ್ಯಾಹ್ನ ಅವರ ಪಡಸಾಲೆಯಲ್ಲೇ ಆಕೆಯ ಹಾಡನ್ನು ಇನ್ನೊಮ್ಮೆ ಪೂರ್ತಿ ರೆಕಾರ್ಡ್ ಮಾಡಿಕೊಂಡೆ. ಹೊರಗೆ ಟ್ರ್ಯಾಕ್ಟರ್ ಹೋದದ್ದೂ, ಮಾಸ್ತರರು ಒಮ್ಮೆ ಕೆಮ್ಮಿದ್ದೂ ಅದರಲ್ಲಿವೆ. ಎರಡನ್ನೂ ತೆಗೆಯಲಿಲ್ಲ. ಮಾಸ್ತರರ ಪ್ರೋಗ್ರಾಮನ್ನು ಸೈಟಿನಲ್ಲಿ ಹಾಕಬಹುದೇ ಎಂದು ಟೇಪಜ್ಜ ಕೇಳಿದ್ದರು. ಗಂಡ ಹೆಂಡತಿ ಇಬ್ಬರನ್ನೂ ಕೇಳಿದಾಗ ಮಾಸ್ತರರು ಹೆಂಡತಿಯ ಮುಖ ನೋಡಿದರು. "ಹಾಕ್ಲಿ," ಎಂದರು ಗಿರಿಜಮ್ಮ. "ನಮ್ಮವ್ವನ ಹೆಸ್ರು ಹಾಕಿ ಹಾಕ್ಲಿ."

ನನ್ನ ವೃತ್ತಿಯ ಉದ್ದಕ್ಕೂ ನಾನು ಮಾಡಿದ್ದು ಒಂದೇ ಕೆಲಸ, ತಪ್ಪು ಯಾವುದು ಅಳತೆ ಯಾವುದು ಎಂದು ಬೇರೆ ಮಾಡುವುದು. ಗಣಿಯಲ್ಲಿ ಅದು ಯಂತ್ರದ ಮಾತು ಎಂದುಕೊಂಡಿದ್ದೆ. ನೀಟಾಗಿಲ್ಲ ಎಂಬ ಒಂದೇ ಕಾರಣಕ್ಕೆ ತಿದ್ದಲು ಹೋದರೆ, ಯಾರೋ ಒಬ್ಬರು ರಜೆಯನ್ನೆಲ್ಲ ಕೂತು ಕೇಳಿಸಿಕೊಂಡದ್ದನ್ನು ನಾವು ಒಂದು ಗುಂಡಿ ಒತ್ತಿ ಕಳೆದುಬಿಡುತ್ತೇವೆ ಎಂದು ಕಲಿಸಿದ್ದು ಕಂಪ್ಲಿಯ ಈ ಕ್ಯಾಸೆಟ್ಟು. ಈಗ ಯಾರಾದರೂ ಕ್ಯಾಸೆಟ್ ತಂದು, ಮೇಡಂ ಇದರ ಗರಗರ ತೆಗೀರಿ ಎಂದರೆ, ಗರಗರವನ್ನೇ ಮೊದಲು ಎರಡು ಸಲ ಕೇಳುತ್ತೇನೆ.

ಆ ಸೈಟಿನ ಪಟ್ಟಿಯಲ್ಲಿ ಸಾವಿರಾರು ಪ್ರೋಗ್ರಾಮುಗಳಿವೆ, ಹೆಚ್ಚಿನವು ಆಟಗಳು. ಪ್ರತಿಯೊಂದರ ಮುಂದೆಯೂ ಬರೆದವರ ಹೆಸರಿನ ಜಾಗವಿದೆ. BISUVAPADA ಎಂಬುದರ ಮುಂದೆ ಟೇಪಜ್ಜ ಮೊದಲು ಎಮ್ಮಿಗನೂರು ಸಿದ್ದಮ್ಮ ಎಂದೂ ಅದರ ಕೆಳಗೆ ಮಾಸ್ತರರ ಹೆಸರನ್ನೂ ಹಾಕಿದ್ದಾರೆ. ಷರಾ ಬರೆಯುವ ಜಾಗದಲ್ಲಿ ಅವರದೇ ಭಾಷೆಯಲ್ಲಿ ಒಂದು ಸಾಲಿದೆ: ಈ ದಶಾಂಶಗಳು ಸರಿಯಾಗಿವೆ, ಯಾರೂ ತಿದ್ದಬಾರದು.